ಹವಾ ಅಂದದ್ದು ದವಾ ಆದ ವರ್ಷ

ಯಲಬುರ್ಗಾ ಸಂತೆಯ ದಿನ. ಹೈದರಾಬಾದಿನ ಕಡೆಯಿಂದ ಬಂದು ತಿಂಗಳಿಗೆರಡು ಸಲ ಅಲ್ಲಿ ಕೂಡುತ್ತಿದ್ದ ಒಬ್ಬ ಡಾಕ್ಟರ ಸಾಹೇಬರ ಜಗಲಿಯ ಮೇಲೆ ನಾವು ಐವರಿದ್ದೆವು. ಸಾಹೇಬರು ಕುರ್ಚಿಯ ಮೇಲೆ. ಅವರ ಮುಂದೆ ನೆಲದಲ್ಲಿ ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ ಗಂಗವ್ವ. ಆಕೆಯ ತೊಡೆಯ ಮೇಲೆ ಆರು ವರ್ಷದ ಮಗಳು ನೀಲಾ. ಹಿಂದೆ ಕೈಕಟ್ಟಿ ನಿಂತ ಅಣ್ಣ. ಸಾಹೇಬರಿಗೂ ನಮ್ಮವರಿಗೂ ನಡುವೆ, ತುಸು ಮುಂದೆ ಬಾಗಿ, ದೊಡ್ಡ ಮನುಷ್ಯನ ಹಾಗೆ ನಿಂತವನು ನಾನು. ನನಗಾಗ ಹತ್ತೊಂಬತ್ತು.

ನೀಲಾ ಕೂತಲ್ಲೇ ಭುಜ ಎತ್ತಿ ಎತ್ತಿ ಉಸಿರಾಡುತ್ತಿದ್ದಳು. ಉಸಿರು ಒಳಗೆ ಹೋಗುವಾಗ ಸುಮ್ಮನೆ ಹೋಗುವುದು. ಹೊರಗೆ ಬರುವಾಗ ಕಣ್ಣು ಬಿಡದ ಬೆಕ್ಕಿನ ಮರಿ ಅತ್ತ ಹಾಗೆ ಸಣ್ಣಗೆ ಕೂಗುವುದು. ನಮ್ಮಲ್ಲಿ ಅದಕ್ಕೆ ದಮ್ಮು ಅನ್ನುತ್ತಾರೆ.

ಹೋದ ತಿಂಗಳು ಬೇವೂರಿಗೆ ಹೋಗಿದ್ದೆ. ಅಗಸಿಯ, ಅಂದರೆ ಊರಬಾಗಿಲ, ಹತ್ತಿರ ಹತ್ತಿ ತುಂಬಿದ ಟ್ರ್ಯಾಕ್ಟರೊಂದು ನಿಂತಿತ್ತು. ಬಿಸಿಲಿಗೆ ಕಾದ ಹತ್ತಿಗೆ ಒಂದು ವಾಸನೆ ಇದೆ. ಒಣಗಿದ ಎಲೆ, ಎರೆಮಣ್ಣಿನ ಧೂಳು, ಒಳಗಿನ ಕಾಳಿನ ಎಣ್ಣೆ ಮೂರೂ ಕೂಡಿದ್ದು. ಅದು ಮೂಗಿಗೆ ಬಡಿದದ್ದೇ ತಡ, ಈ ಜಗಲಿ ಕಣ್ಣಿಗೆ ಬಂದು ನಿಂತಿತು. ಜತೆಗಿದ್ದ ಮೊಮ್ಮಗ "ಯಾಕಜ್ಜಾ, ನಿಂತ್ಯಲ್ಲ?" ಅಂದ. ಅವನಿಗೆ ಏನೋ ಒಂದು ಹೇಳಿದೆ. ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಗ ನಮ್ಮದು ನಿಜಾಮರ ಸೀಮೆ. ಸಾಲೆಯಲ್ಲಿ ಕಲಿಸುವುದು ಉರ್ದು, ಕಾಗದಪತ್ರ ಬರುವುದು ಉರ್ದುವಿನಲ್ಲಿ. ಕನ್ನಡ ನನಗೆ ಬಂದದ್ದು ಮನೆಯಲ್ಲಿ. ಅಕ್ಷರ ಕಲಿಸಿದವನು ಅಜ್ಜ, ಅಂಗಳದ ಮರಳಿನ ಮೇಲೆ ಬೆರಳು ಹಿಡಿದು. ಮಾತು ಕಲಿಸಿದವಳು ಆಯಿ, ಅಪ್ಪನ ತಾಯಿ; ಅವ್ವ ಇಲ್ಲದ ಮನೆಯಲ್ಲಿ ನಮಗೆ ತಾಯಿಯೂ ಅವಳೇ, ವೈನಿಗೆ ಅತ್ತೆಯೂ ಅವಳೇ. ಬೀಸುತ್ತಾ ಕುಟ್ಟುತ್ತಾ ಅವಳು ಆಡಿದ ಮಾತು ಕೇಳಿ ಬೆಳೆದ ಕಿವಿ ನನ್ನದು. ಆದರೆ ಆ ವಯಸ್ಸಿನಲ್ಲಿ ನನಗೆ ಹೆಮ್ಮೆ ಇದ್ದದ್ದು ಉರ್ದುವಿನ ಮೇಲೆ. ಇಡೀ ಓಣಿಗೆ ಕಾಗದ ಓದಿ ಹೇಳುವವನು ನಾನು, ಅರ್ಜಿ ಬರೆಯುವವನು ನಾನು. ಊರವರು ನನ್ನ ಹೆಸರು ಬಿಟ್ಟು ಮುನ್ಸಿ ಎಂದು ಕರೆಯುತ್ತಿದ್ದರು. ಆಯಿ ಚೇಷ್ಟೆ ಮಾಡುತ್ತಿದ್ದಳು: "ಇವನ ಬಾಯಾಗ ಉರ್ದು ಬಂತಂದ್ರ ನಮ್ಮ ಎತ್ತು ಸೈತ ಸಲಾಂ ಮಾಡತಾವು ನೋಡ್ರಿ." ಅವಳು ನಕ್ಕರೂ ನನಗೆ ಎದೆ ಒಂದು ಗೇಣು ಉಬ್ಬುತ್ತಿತ್ತು. ಅಣ್ಣನಿಗಂತೂ ನಾನು ಹೇಳಿದ್ದು ವೇದ. ಅಪ್ಪ ಸತ್ತ ಮೇಲೆ ತಾನು ನೇಗಿಲು ಹಿಡಿದು ನನ್ನನ್ನು ಸಾಲೆಗೆ ಕಳಿಸಿದವನು ಅವನು.

ಜಗಲಿಗೆ ಬರುತ್ತೇನೆ. ಸಾಹೇಬರು ನೀಲಾಳ ಬೆನ್ನಿಗೆ ಕೊಳವೆ ಹಚ್ಚಿ ಕೇಳಿದರು, ಉಗುರು ನೋಡಿದರು, ರೆಪ್ಪೆ ಎಳೆದು ನೋಡಿದರು. ಮನೆಯಲ್ಲಿ ಏನಿದೆ, ಎಲ್ಲಿ ಮಲಗುತ್ತಾಳೆ ಎಂದು ಕೇಳಿದರು. "ಹತ್ತಿ ಬೆಳೆಯುವ ಮನೆ, ನಡುಮನೆಯಲ್ಲಿ ಮಲಗುತ್ತಾಳೆ" ಎಂದು ನಾನು ಉರ್ದುವಿನಲ್ಲಿ ಅಂದೆ. ಅವರ ಬಾಯಿ ತುಂಬ ಎಲೆ‌ಅಡಿಕೆ. ರಸ ಚೆಲ್ಲಬಾರದೆಂದು ಮುಖ ಮೇಲೆ ಮಾಡಿ, ಕಾಗದದ ಪೊಟ್ಟಣ ಕಟ್ಟುತ್ತಾ, ಒಂದು ಮಾತು ಹೇಳಿದರು. ನನ್ನ ಕಿವಿಗೆ ಬಿದ್ದದ್ದು ಹೀಗೆ: "ಬಚ್ಚೀ ಕೀ ದವಾ ಬದಲ್ ದೋ."

ಹುಡುಗಿಯ ಔಷಧ ಬದಲಿಸಿರಿ.

"ಏನಂದ್ರೋ?" ಅಂದ ಅಣ್ಣ.

"ದವಾ ಬದಲ್ ಮಾಡ್ರಿ ಅಂತಾರ."

"ಯಾವ ದವಾ? ಈಗರ ಕೊಡಾಕಹತ್ಯಾರಲ್ಲ?"

ಅಣ್ಣ ಕೇಳಿದ್ದು ಸರಿಯಾಗಿಯೇ ಇತ್ತು. ಅಲ್ಲಿಯೇ ಸಾಹೇಬರ ಕಡೆ ತಿರುಗಿ "ಏನಂದಿರಿ, ಇನ್ನೊಮ್ಮೆ ಹೇಳಿರಿ" ಎಂದು ಕೇಳಬಹುದಿತ್ತು. ಮುನ್ಸಿ ಅನ್ನಿಸಿಕೊಂಡವನಿಗೆ ಅದು ಆಗಲಿಲ್ಲ. ಅಣ್ಣನ ಎದುರು, ವೈನಿಯ ಎದುರು, ತಿಳಿಯಲಿಲ್ಲ ಅಂತ ಒಪ್ಪುವುದು ಹೇಗೆ? ಹೇಳದೆ ಇದ್ದ ಮಾತಿಗೆ ನಾನೇ ಕೈಕಾಲು ಹಚ್ಚಿದೆ.

"ಈ ಪುಡಿ ನಾಕೈದು ದಿನ ಕೊಡೂದು. ಪೂರ್ತಿ ಗುಣಾ ಕಾಣದಿದ್ರ ಬಿಟ್ಟು ಬ್ಯಾರೆ ಕೊಡೂದು. ಅದರಾಗೂ ಕಾಣದಿದ್ರ ಮತ್ತೊಂದು. ಒಂದಕ್ಕ ಗಂಟು ಬೀಳಬಾರದು. ಹಂಗ ಅವರ ಮಾತು."

"ಎಷ್ಟು ಚೊಲೋ ತಿಳಿಸಿ ಹೇಳ್ತಾರ ನೋಡು," ಅಂದ ಅಣ್ಣ. ಸಾಹೇಬರಿಗೆ ಕೈ ಮುಗಿದು ಕೂಸನ್ನು ಎತ್ತಿಕೊಂಡ.

ಆ ಪುಡಿ ಕಹಿ. ನೀಲಾ ಮುಖ ಕಿವಿಚಿ ನುಂಗುತ್ತಿದ್ದಳು. ಮೂರನೆಯ ದಿನಕ್ಕೆ ಕೂಗು ಸಣ್ಣದಾಯಿತು, ನಾಲ್ಕನೆಯ ದಿನ ಅಂಗಳದಲ್ಲಿ ಒಂಟಿಗಾಲಲ್ಲಿ ಜಿಗಿದು ಕುಂಟಲಿಪಿ ಆಡಿದಳು. ಐದನೆಯ ದಿನ ದಮ್ಮು ಮತ್ತೆ ತುಸು ಎದ್ದಿತು. "ಬದಲ್ ಮಾಡೂದು," ಅಂದೆ ನಾನು. ಪೊಟ್ಟಣಗಳು ಗೂಡಿನಲ್ಲಿ ಉಳಿದವು. ಆಡುಸೋಗೆಯ ಕಷಾಯ ಬಂತು. ವಾರಕ್ಕೆ ಅದನ್ನೂ ಬಿಡಿಸಿದೆ. ಉಳ್ಳಾಗಡ್ಡಿಯ ರಸ, ಜೇನುತುಪ್ಪ. ಅದೂ ಆಯಿತು. ಕುಷ್ಟಗಿಯ ಹಕೀಮರೊಬ್ಬರ ಕರಿಯ ಲೇಹ್ಯ ತಂದೆ, ನಾನೇ ಹೋಗಿ ತಂದೆ, ಉರ್ದುವಿನಲ್ಲಿ ಮಾತಾಡಿ ತಂದೆ. ಯಾರೋ ಹೇಳಿದರೆಂದು ಮದಗುಣಿಕೆಯ ಎಲೆ ಸುಟ್ಟು ಹೊಗೆ ಕೊಟ್ಟೆವು. ಯಾವುದನ್ನೂ ಅದರ ಕೆಲಸ ಮಾಡಗೊಡಲಿಲ್ಲ. ಕ್ಯಾಲೆಂಡರ ನೋಡಿ ಔಷಧ ನಿಲ್ಲಿಸುವ ಅಧಿಕಾರ ನನ್ನದಾಗಿತ್ತು, ಅದರ ಸುಖವೂ ನನಗೆ ಹತ್ತಿತ್ತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಹತ್ತಿತ್ತು.

ಇಷ್ಟೆಲ್ಲದರ ನಡುವೆ ಕೂಸು ಮಲಗುತ್ತಿದ್ದದ್ದು ಎಲ್ಲಿ ಗೊತ್ತೇ? ಹತ್ತಿಯ ರಾಶಿಯ ಮೇಲೆ.

ನಮ್ಮ ಕಡೆ ಎರೆ ಹೊಲದ ಹತ್ತಿ ಎಳ್ಳ ಅಮವಾಸ್ಯೆ ದಾಟಿದ ಮೇಲೆ ಮನೆಗೆ ಬರಲು ಶುರು. ಹೆಣ್ಣಾಳುಗಳು ಉಡಿಯಲ್ಲಿ ಬಿಡಿಸಿ ತಂದು ನಡುಮನೆಯಲ್ಲಿ ಸುರಿಯುವರು. ಬೇರೆ ವರ್ಷ ಹದಿನೈದು ದಿನಕ್ಕೊಮ್ಮೆ ಗಾಡಿ ಹೇರಿ ಕೊಪ್ಪಳಕ್ಕೆ ಕಳಿಸಿಬಿಡುತ್ತಿದ್ದೆವು. ಆ ವರ್ಷ ಎಲ್ಲೋ ದೂರದಲ್ಲಿ ಯುದ್ಧ. ಕೊಳ್ಳುವವರು ಇಂದು ನಾಳೆ ಎಂದು ತಡ ಮಾಡಿದರು. ರಾಶಿ ಬೆಳೆದು ಬೆಳೆದು ತೊಲೆ ಮುಟ್ಟಿತು. ಮನೆಯೊಳಗೆ ಬಿಸಿಲಿನ ಕೋಲು ಬಿದ್ದರೆ ಅದರಲ್ಲಿ ಬಿಳಿ ನುಸಿಯ ಹಾಗೆ ಎಳೆ ಹಾರಾಡುವುದು ಕಾಣುತ್ತಿತ್ತು. ರೊಟ್ಟಿಯಲ್ಲಿ ಹತ್ತಿ, ನೀರಿನಲ್ಲಿ ಹತ್ತಿ, ಆಯಿಯ ಹುಬ್ಬಿನಲ್ಲಿ ಹತ್ತಿ. ಜಡ್ಡಿನ ಕೂಸಿಗೆ ನೆಲ ತಣ್ಣಗಾದೀತು, ಕಂಬಳಿ ಚುಚ್ಚೀತು ಎಂದು ಆಯಿ ರಾಶಿಯಲ್ಲಿ ಒಂದು ಗೂಡು ಮಾಡಿ, "ರಾಜನ ಮಗಳಿಗೂ ಇಂಥಾ ಹಾಸಿಗಿ ಇರೂದಿಲ್ಲ ನನ್ನವ್ವಾ" ಎಂದು ಮುದ್ದಿಸಿ ಅದರಲ್ಲಿ ಮಲಗಿಸುತ್ತಿದ್ದಳು. ಅಕ್ಕರೆಗೇನೂ ಕೊರತೆ ಇರಲಿಲ್ಲ. ಅಕ್ಕರೆಯಿಂದಲೇ ಕೂಸಿನ ಉಸಿರು ಕಟ್ಟುತ್ತಿದ್ದೆವು.

ನಡುವೆ ವೈನಿ ನೀಲಾಳನ್ನು ಕರೆದುಕೊಂಡು ತವರಿಗೆ ಹೋಗಿಬಂದಳು. ಅವಳ ತವರು ಸಾಣಾಪುರ, ಹೊಳೆಯ ದಂಡೆಯ ಕಲ್ಲುಗುಡ್ಡಗಳ ಊರು. ಗಾಡಿಯಲ್ಲಿ ಕೊಪ್ಪಳ ಹಾದು ಎರಡು ದಿನದ ದಾರಿ. ತಮ್ಮನ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ, ಐದು ದಿನ ಇದ್ದರು. ಮರಳಿ ಬಂದ ಸಂಜೆಯೇ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಅಣ್ಣನಿಗೆ ಹೇಳಿದಳು.

"ಐದು ದಿನದಾಗ ಒಂದು ಸಲನೂ ಕೆಮ್ಮಲಿಲ್ರಿ ಇಕಿ. ಕಲ್ಲಬಂಡಿ ಏರಿದ್ದೇನು, ಮೀನ ಹಿಡೀತೀನಿ ಅಂತ ನೀರಿಗಿಳಿದಿದ್ದೇನು. ಇಲ್ಲಿಗೆ ಬಂದು ಚಪ್ಪಲಿ ಬಿಟ್ಟಿಲ್ಲ, ಆಗಽ ಸುಂಯ್ ಅನ್ನಾಕಹತ್ತೈತಿ. ಈ ಮನ್ಯಾಗ ಏನೋ ಐತ್ರಿ."

ಆಯಿಗೆ ಸಿಟ್ಟು ನೆತ್ತಿಗೇರಿತು. "ಏನೈತೆ ಗಂಗಿ ನಮ್ಮ ಮನ್ಯಾಗ? ದೆವ್ವ ಐತೇನು? ತವರಿನ ನೀರು ಅಮೃತ, ನಮ್ಮ ನೀರು ವಿಷ ಅನ್ನು!"

"ಹಂಗಲ್ರಿ ಅತ್ತೀ, ಹತ್ತಿ ಬಂದ ಮ್ಯಾಲಽ..."

ಅಣ್ಣ ನನ್ನ ಮುಖ ನೋಡಿದ. ನಾನು ಗಂಟಲು ಸರಿಮಾಡಿಕೊಂಡೆ. "ವೈನಿ, ಸಾಹೇಬ್ರು ಮನಿ ಮಾತು ಎತ್ತಲಿಲ್ಲರಿ. ದವಾದ ಮಾತು ಹೇಳ್ಯಾರ. ಅವರು ಹೈದ್ರಾಬಾದಿನ್ಯಾಗ ಓದಿ ಬಂದವರು. ನಿಮಗ ಹೆಚ್ಚು ತಿಳೀತೈತೋ ಅವರಿಗೋ?"

ಒಂದಕ್ಷರ ಬಾರದ ಹೆಂಗಸು ಕಣ್ಣಿಂದ ಕಂಡು ಹೇಳಿದ್ದನ್ನು ನಾನು ಕೇಳಿಸಿಕೊಳ್ಳದ ಮಾತಿನಿಂದ ಹೊಡೆದು ಹಾಕಿದೆ.

ಶಿವರಾತ್ರಿ ಮುಗಿದ ಮೇಲೆ ಮತ್ತೆ ಯಲಬುರ್ಗಾಕ್ಕೆ ಹೋದೆವು. ಎತ್ತು ಬೆದರುತ್ತಿದ್ದವೆಂದು ಅಣ್ಣ ಗಾಡಿಯ ಹತ್ತಿರವೇ ನಿಂತ. ಜಗಲಿಗೆ ಹೋದವರು ನಾನು, ವೈನಿ, ಕೂಸು. ಸಾಹೇಬರು ಆಗಷ್ಟೆ ಬಾಯಿ ತೊಳೆದು ಬಂದಿದ್ದರು. ನೀಲಾಳ ಬೆನ್ನಿಗೆ ಕೊಳವೆ ಹಚ್ಚಿದವರೇ ಮುಖ ಗಂಟಿಕ್ಕಿದರು. ಆಮೇಲೆ ಅವಳ ಜಡೆಯಿಂದ ಎರಡು ಬೆರಳಿನಲ್ಲಿ ಹತ್ತಿಯ ಒಂದು ಎಳೆ ಹಿರಿದು ನನ್ನ ಕಣ್ಣಿನ ಮುಂದೆ ಹಿಡಿದರು.

"ಹವಾ ಬದಲೀ ನಹೀಂ? ಪಹಲೇ ದಿನ್ ಬೋಲಾ ಥಾ ನಾ, ಹವಾ ಬದಲ್ ದೋ!"

ಹವಾ ಬದಲಿಸಲಿಲ್ಲವೆ? ಮೊದಲ ದಿನವೇ ಹೇಳಿರಲಿಲ್ಲವೆ?

ನನ್ನ ಕಿವಿಯೊಳಗೆ ಗಂಟೆ ಬಡಿದಂತಾಯಿತು. ದವಾ ಅಲ್ಲ, ಹವಾ. ಔಷಧ ಬದಲಿಸುವುದಲ್ಲ, ಕೂಸನ್ನು ಆ ಮನೆಯ ಗಾಳಿಯಿಂದ ಹೊರಗೆ ಒಯ್ಯುವುದು. ಎಲೆ‌ಅಡಿಕೆಯ ಬಾಯಲ್ಲಿ ನುಂಗಿಹೋದ ಒಂದು ಅಕ್ಷರ. ಅದಕ್ಕೆ ಕೂಸು ತೆತ್ತದ್ದು ಎರಡು ತಿಂಗಳು.

ಸಾಹೇಬರು ಇನ್ನೂ ಹೇಳುತ್ತಿದ್ದರು. ಪುಡಿ ನಿಲ್ಲಿಸಬಾರದು, ಹೊಗೆ ತಾಗಿಸಬಾರದು, ಹತ್ತಿ ಇಲ್ಲದ ಕಡೆ ಇಡಬೇಕು.

ವೈನಿ ನನ್ನ ಕಡೆ ನೋಡಿದಳು. "ಏನಂತಾರ ತಮ್ಮಾ?"

ಮೊದಲನೆಯದು ಕಿವಿಯ ತಪ್ಪು. ಅದನ್ನು ದೇವರು ಕ್ಷಮಿಸಿಯಾನು. ಈಗ ಹೇಳುವುದಕ್ಕೆ ಕ್ಷಮೆ ಕೇಳುವ ಬಾಯಿ ನನಗಿಲ್ಲ. ನಾನು ಅಂದೆ:

"ತಲಿ ಸ್ವಚ್ಛಗ ಬಾಚಬೇಕಂತ. ಹುಡುಗೀನ ಹೊಲಸ ಇಟ್ಟೀರಿ ಅಂತಾರ."

ಆಕೆ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಸಾಹೇಬರ ಬೆರಳಲ್ಲಿದ್ದ ಎಳೆಯನ್ನು ಇಸಿದುಕೊಂಡು, ಸೆರಗಿನ ತುದಿಗೆ ಒರೆಸಿ, ಮಗಳನ್ನು ಎತ್ತಿಕೊಂಡು ಎದ್ದಳು. ಗಾಡಿಯ ಹತ್ತಿರ ಅಣ್ಣ ಕೇಳಿದ್ದಕ್ಕೆ "ಅದಽ ಪುಡಿ ಕೊಟ್ಟಾರ, ಈ ಸಲ ಬಿಡಬ್ಯಾಡಂದ್ರು" ಅಂದೆ. ವೈನಿ ಮನೆ ಮುಟ್ಟುವವರೆಗೆ ಮಗಳ ಜಡೆಯಿಂದ ಒಂದೊಂದೇ ಎಳೆ ಆರಿಸುತ್ತಾ ಕೂತಿದ್ದಳು.

ತಪ್ಪನ್ನು ಒಪ್ಪದೆ ತಪ್ಪನ್ನು ತಿದ್ದಬಹುದೆಂದು ನನ್ನ ಲೆಕ್ಕ. ಮರುದಿನ ಅಣ್ಣನಿಗೆ, "ಹತ್ತಿ ಹೊರಗ ಹಾಕೋಣಲ್ಲ, ಇಲಿ ಭಾಳ ಆಗ್ಯಾವು" ಅಂದೆ.

"ಹೊರಗ ಹಾಕಿದ್ರ ಇಲಿ ಬದಲಿ ಕಳ್ಳರು ಬರ್ತಾರ," ಎಂದು ಅಣ್ಣ ನಕ್ಕ.

"ದೀಪದ ಕಿಡಿ ಬಿದ್ರ?"

"ಇಷ್ಟು ವರ್ಷ ಬಿದ್ದಿಲ್ಲ, ಈಗ ಬೀಳತೈತೇನೋ ಮುನ್ಸಿ? ನಿನಗೇನಾಗೈತಿ?"

ಹೇಳಬೇಕಾದ ಒಂದು ಮಾತು ಬಿಟ್ಟು ಬೇರೆ ಎಲ್ಲ ಹೇಳಿದೆ.

ಹೋಳಿ ಹುಣ್ಣಿಮೆಗೆ ಇನ್ನೂ ನಾಲ್ಕು ದಿನ ಇತ್ತು. ನಡು ಮಧ್ಯಾಹ್ನ. ಹೊಲದಿಂದ ಹೊಸ ಹತ್ತಿ ತಂದು ಸುರುವಿದ್ದರು, ಮನೆಯೆಲ್ಲ ಧೂಳು. ನೀಲಾಳ ದಮ್ಮು ಹಿಂದೆಂದೂ ಕಾಣದಷ್ಟು ಎದ್ದಿತು. ಕೂತರೂ ಆಗದು, ಮಲಗಿದರೂ ಆಗದು. ಗಂಟಲ ಕುಳಿ ಒಳಗೆ ಒಳಗೆ ಹೋಗುತ್ತಿತ್ತು. ತುಟಿ ನೇರಳೆ ಹಣ್ಣಿನ ಬಣ್ಣ. "ಕಾಕಾ" ಎಂದು ನನ್ನ ಕೈ ಹಿಡಿದಳು. ಆ ಎರಡು ಅಕ್ಷರಕ್ಕೆ ಅವಳಿಗೆ ಎರಡು ಉಸಿರು ಬೇಕಾಯಿತು. ಆಯಿ ಅಳುತ್ತಾ, "ಯಾರ ಕಣ್ಣೋ ಬಿದ್ದೈತಿ" ಎಂದು ಉಪ್ಪು ಮೆಣಸಿನಕಾಯಿ ಇಳಿಸಿ, ಒಡೆದ ಗಡಿಗೆಯ ಬೋಕಿಯಲ್ಲಿದ್ದ ಕೆಂಡಕ್ಕೆ ಹಾಕಿದಳು. ಹೊಗೆ ಎದ್ದಿತು. ಹೊಗೆ ತಾಗಿಸಬಾರದು ಎಂದು ಸಾಹೇಬರು ಹೇಳಿದ್ದು ನನ್ನೊಬ್ಬನಿಗೆ ಗೊತ್ತು ಎಂದುಕೊಂಡಿದ್ದೆ. ನಾನು ಕೆಂಡದ ಬೋಕಿಯನ್ನು ನೋಡುತ್ತಾ ನಿಂತೆ. ಕೈ ಚಾಚಿ ಅದನ್ನು ಹೊರಗೆ ಎಸೆದಿದ್ದರೆ ಯಾಕೆಂದು ಕೇಳುತ್ತಿದ್ದರು. ಆ ಯಾಕೆಗೆ ಹೆದರಿದೆ.

ವೈನಿ ಹೆದರಲಿಲ್ಲ. ಬೋಕಿಯನ್ನು ಕಾಲಿನಿಂದ ಒದ್ದಳು. ಅತ್ತೆಯ ಎದುರು, ಮೈದುನನ ಎದುರು, ಸೆರಗು ಜಾರಿದ್ದನ್ನೂ ಲೆಕ್ಕಿಸದೆ ಕೂಸನ್ನು ಎದೆಗೊತ್ತಿಕೊಂಡು ಹೊರಗೆ ನಡೆದು, ಊರ ಹೊರಗಿನ ಕಣದಲ್ಲಿ ಬೇವಿನ ಗಿಡದ ಕೆಳಗೆ ಕೂತಳು. ಪುಡಿಯನ್ನು ಅಲ್ಲಿಯೇ ನೀರಲ್ಲಿ ಕದಡಿ ಕುಡಿಸಿದಳು. ಸೂರ್ಯ ಇಳಿಯುವ ಹೊತ್ತಿಗೆ ಉಸಿರು ಒಂದು ಹದಕ್ಕೆ ಬಂತು. ಆ ರಾತ್ರಿ ತಾಯಿ ಮಗಳು ಒಳಗೆ ಬರಲೇ ಇಲ್ಲ.

ಬೆಳಿಗ್ಗೆ ವೈನಿ ಬಾಗಿಲ ಹೊರಗೆ ನಿಂತು, "ನಾ ತವರಿಗೆ ಹೋಗ್ತೀನ್ರಿ. ಗಾಡಿ ಹೂಡ್ರಿ," ಅಂದಳು.

"ಹತ್ತಿ ಬಿಡಿಸೋ ಹೊತ್ತಿನ್ಯಾಗ?" ಅಂದ ಅಣ್ಣ. "ದಿನಾ ಹನ್ನೆರಡು ಆಳಿಗೆ ರೊಟ್ಟಿ ಯಾರು ಬಡೀಬೇಕು?"

"ರೊಟ್ಟಿ ಬಡಿಯೋರು ಸಿಗ್ತಾರ. ಕೂಸು ಸಿಗೂದಿಲ್ಲ."

"ಕೇಳಿದ್ರೇನು ಮಾತು!" ಎಂದಳು ಆಯಿ ಓಣಿಗೆ ಕೇಳುವ ಹಾಗೆ. "ಸುಗ್ಗಿ ಬಿಟ್ಟು ತವರಿಗೆ ಓಡೋ ಸೊಸೀನ ಎಲ್ಲೆರ ಕಂಡೀರೇನು?"

ಅಣ್ಣ ಒರಟನಲ್ಲ. ಅವನಿಗೆ ಬೇಕಾದದ್ದು ಒಂದು ಊರುಗೋಲು, ಆಯಿಯ ಮಾತಿನ ಎದುರು ಹಿಡಿದು ನಿಲ್ಲಲು. ಅದಕ್ಕಾಗಿ ನನ್ನ ಕಡೆ ತಿರುಗಿದ.

"ಮುನ್ಸಿ, ನೀ ಹೇಳು. ಸಾಹೇಬ್ರು ಹಂಗೇನರ ಅಂದಾರೇನು? ಬ್ಯಾರೆ ಕಡೆ ಒಯ್ಯರಿ ಅಂತ?"

ವೈನಿಯೂ ನೋಡಿದಳು. ಆಕೆಯ ನೋಟದಲ್ಲಿ ಸಿಟ್ಟಿರಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕುವುದನ್ನು ಕಾಯುವವರ ಹಾಗೆ ನೋಡುತ್ತಿದ್ದಳು.

"ಇಲ್ಲ," ಅಂದೆ.

ಅಣ್ಣನ ಮುಖ ಇಳಿಯಿತು. "ಹೋದ್ರ ನಿನ್ನ ಕಾಲ ಮ್ಯಾಲ ಹೋಗು. ನನ್ನ ಗಾಡಿ ಬರೂದಿಲ್ಲ," ಎಂದು ಹೊಲದ ದಾರಿ ಹಿಡಿದ. ವೈನಿ ಮಗಳನ್ನು ಬಗಲಲ್ಲಿ ಕೂರಿಸಿಕೊಂಡು, ಕೊಪ್ಪಳಕ್ಕೆ ಹೊರಟಿದ್ದ ಕುಂಬಾರರ ಗಾಡಿಯಲ್ಲಿ ಗಡಿಗೆಗಳ ನಡುವೆ ಜಾಗ ಮಾಡಿಕೊಂಡು ಕೂತಳು. ಒಂದರ ಮೇಲೊಂದು ಒಟ್ಟಿದ ಗಡಿಗೆಗಳ ಹಿಂದೆ ನೀಲಾಳ ಜಡೆಯಷ್ಟೇ ಕಾಣುತ್ತಿತ್ತು.

ಅಣ್ಣ ಕರೆಯಲು ಹೋಗಲಿಲ್ಲ. ಯುಗಾದಿ ಬಂತು ಹೋಯಿತು. ನಡುಮನೆಯ ಹತ್ತಿ ಮಾರಾಟವಾಗಿ ಮನೆ ಖಾಲಿಯಾದರೂ ಹೋಗಲಿಲ್ಲ. ಕಟ್ಟೆಯ ಮೇಲೆ ಮಂದಿ ಬಾಯಿಗೆ ಬಂದಂತೆ ಆಡಿದರು: ಗಂಡನ ಮಾತು ಮೀರಿ ಹೋದಳಂತೆ, ಅತ್ತೆಯ ಮುಂದೆ ಬೋಕಿ ಒದ್ದಳಂತೆ. ನಾನು ಅದೇ ಕಟ್ಟೆಯ ಮೇಲೆ ಕೂತು ಅವರ ಕಾಗದ ಓದಿ ಹೇಳುತ್ತಿದ್ದೆ. ಅಣ್ಣ ಉಣ್ಣುವಾಗ ತುತ್ತು ಕೈಯಲ್ಲಿ ಹಿಡಿದು ಬಾಗಿಲು ನೋಡುತ್ತಿದ್ದ. ಅದನ್ನು ಮೂರು ತಿಂಗಳು ನೋಡಿದೆ.

ಮುಂಗಾರಿನ ಮೊದಲ ಹನಿ ಬಿದ್ದ ಮೇಲೆ ತಡೆಯದಾಗಿ, ಬಿತ್ತನೆ ಬೀಜ ತರುತ್ತೇನೆಂದು ಸುಳ್ಳು ಹೇಳಿ ಸಾಣಾಪುರಕ್ಕೆ ಹೋದೆ. ನೀಲಾ ಬಂಡೆಯ ತುದಿಯಲ್ಲಿ ನಿಂತು ನನ್ನನ್ನು ಕಂಡು ಕೂಗಿದಳು. ಕೂಗು ಹೊಳೆಯ ಆಚೆ ದಂಡೆಗೆ ಬಡಿದು ತಿರುಗಿ ಬಂತು, ಅಷ್ಟು ಉಸಿರಿತ್ತು. ವೈನಿ ಹೊಳೆಯಲ್ಲಿ ಅರಿವೆ ಒಗೆಯುತ್ತಿದ್ದಳು. ನಾನು ಕಲ್ಲಿನ ಮೇಲೆ ಕೂತು, ಅವಳ ಕಡೆ ನೋಡದೆ, ನೀರಿನ ಕಡೆ ನೋಡುತ್ತಾ ಎಲ್ಲ ಹೇಳಿದೆ. ಮೊದಲ ದಿನದ ದವಾ, ಎರಡನೆಯ ಸಲದ ಹವಾ, ತಲೆ ಬಾಚುವ ಸುಳ್ಳು.

ವೈನಿ ಅರಿವೆ ಹಿಂಡುವುದನ್ನು ನಿಲ್ಲಿಸಲಿಲ್ಲ.

"ಹವಾ ಅಂದ್ರ ಹವಾನಽ ಅಲ್ಲೇನು ತಮ್ಮಾ? ನಾವೂ ಹವಾ ಅಂತೀವಿ. ಇವತ್ತು ಹವಾ ತಂಪೈತಿ ಅನ್ನೂದಿಲ್ಲೇನು? ಆ ಮಾತಿಗೆ ಮುನ್ಸಿ ಬೇಕಾಗಿರಲಿಲ್ಲ. ಹತ್ತಿ ಎಳಿ ಹಿಡದು ಹವಾ, ಹವಾ ಅಂತ ಎರಡು ಸಲ ಅಂದ್ರು."

"ಮತ್ತ ಅಣ್ಣಗ ಯಾಕ ಹೇಳಲಿಲ್ಲರಿ?"

"ಹೇಳಿದ್ರ ಕೇಳ್ತಿದ್ರೇನು? ನೀ ಉರ್ದು ಓದಿದಾವ, ನಾ ರೊಟ್ಟಿ ಬಡಿಯಾಕಿ." ಅರಿವೆಯನ್ನು ಬಂಡೆಯ ಮೇಲೆ ಹರವಿದಳು. "ನೀ ಹೇಳ್ತೀ ಅಂತ ಕಾದೆ. ಗಾಡ್ಯಾಗ ಕಾದೆ, ಮನ್ಯಾಗ ಕಾದೆ. ಬಾಗಲಾಗ ನಿಂತು ಅವರು ಕೇಳಿದ ದಿನಾನೂ ಕಾದೆ."

ಆಮೇಲೆ ನನ್ನ ಕಡೆ ನೋಡಿದಳು. "ನನ್ನ ಮುಂದ ಹೇಳಿ ಏನು ಬಂತು? ಹೇಳಬೇಕಾದವರ ಮುಂದ ಹೇಳು. ಈಗ ಏಳು, ಉಣ್ಣೇಳು. ದಾರಿ ನಡದು ಬಂದೀಯ."

ಅವತ್ತು ಆಕೆ ಬಡಿಸಿದ್ದನ್ನು ಉಂಡು ಊರ ದಾರಿ ಹಿಡಿದೆ.

ಊರಿಗೆ ಬಂದು, ಕಣದಲ್ಲಿ ಹಗ್ಗ ಹೊಸೆಯುತ್ತಿದ್ದ ಅಣ್ಣನ ಎದುರು ನಿಂತು ಹೇಳಿದೆ. ಕುಂತು ಹೇಳಲು ಧೈರ್ಯವಾಗಲಿಲ್ಲ. ಅವನು ಹೊಡೆಯಲಿಲ್ಲ, ಬೈಯಲಿಲ್ಲ. ಹಗ್ಗದ ತುದಿಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡೇ ಕೇಳಿದ್ದು ಒಂದೇ ಮಾತು.

"ಅಕಿಗೆ ಗೊತ್ತಿತ್ತೇನು?"

"ಗೊತ್ತಿತ್ತು."

ಮರುದಿನ ಅವನೊಬ್ಬನೇ ಗಾಡಿ ಹೂಡಿಕೊಂಡು ಸಾಣಾಪುರಕ್ಕೆ ಹೋದ. ನನ್ನನ್ನು ಕರೆಯಲಿಲ್ಲ. ಬರಿಗಾಡಿಯಲ್ಲಿ ತಿರುಗಿ ಬಂದ. ಹತ್ತಿಗೆ ಬೇರೆ ಕೋಣೆ ಆದ ಮೇಲೆ ಬರುತ್ತೇನೆಂದು ವೈನಿ ಹೇಳಿದ್ದಳಂತೆ. ಮಳೆ ಬಿಡುವು ಕೊಟ್ಟಾಗಲೆಲ್ಲ ಕಣದ ಮಗ್ಗುಲಲ್ಲಿ ಗೋಡೆ ಏರಿಸಿದೆವು. ಮಣ್ಣು ತುಳಿದವನು ನಾನು, ಇಟ್ಟವನು ಅಣ್ಣ. ಇಬ್ಬರ ನಡುವೆ ಮಣ್ಣಿನ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ದಸರೆ ಮುಗಿದ ಮೇಲೆ ತಾಯಿ ಮಗಳು ಮನೆಗೆ ಬಂದರು. ನೀಲಾ ಬಂದವಳೇ ನನ್ನ ಹೆಗಲೇರಿದಳು.

ಕಾರ್ತಿಕದಲ್ಲಿ ನಮ್ಮ ಹೊಲದ ವಿಷಯವಾಗಿ ಕಚೇರಿಯಿಂದ ಉರ್ದು ಕಾಗದವೊಂದು ಬಂತು. ನಾನು ಕಟ್ಟೆಯ ಮೇಲೆಯೇ ಕೂತಿದ್ದೆ. ಅಣ್ಣ ಅದನ್ನು ಮಡಚಿ ಅಂಗಿಯ ಒಳಕಿಸೆಯಲ್ಲಿಟ್ಟುಕೊಂಡು, ನನ್ನನ್ನು ದಾಟಿ, ಓದಿಸಿಕೊಂಡು ಬರಲು ಯಲಬುರ್ಗಾಕ್ಕೆ ನಡೆದುಕೊಂಡು ಹೋದ.